1,200 ಲೀಟರ್ ನೀರಿನ ಋಣ

ಹಾಟ್ ಟಬ್ ಹೊತ್ತು ತಂದ ಲಾರಿ, ಊರಿಗೆ ನೀರು ತಂದ ಟ್ಯಾಂಕರ್ ಎರಡೂ ನಮ್ಮ ಓಣಿಯಲ್ಲಿ ಎದುರುಬದುರು ನಿಂತುಬಿಟ್ಟವು. ಮಾರ್ಚ್ ಕೊನೆಯ ವಾರ. ಬೆಳಿಗ್ಗೆ ಒಂಬತ್ತಕ್ಕೇ ನೆತ್ತಿ ಸುಡುವ ಬಿಸಿಲು. ಟ್ಯಾಂಕರಿನ ಹಿಂದೆ ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳ ಸಾಲು. ಲಾರಿಯನ್ನೇ ಹಿಂದಕ್ಕೆ ತೆಗೆಯಿರಿ ಎಂದು ಡ್ರೈವರಿಗೆ ಹೇಳಿ ನಾನೂ ಬೇವಿನ ಮರದ ನೆರಳಿಗೆ ಬಂದು ನಿಂತೆ. ಸಾಲಿನಲ್ಲಿದ್ದ ಒಬ್ಬಾಕೆ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವಳು, ಲಾರಿಯ ಮೇಲೆ ಕಟ್ಟಿದ್ದ ಬಿಳಿ ತೊಟ್ಟಿಯನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಏನಕ್ಕಾ ಅದು?"

"ಬಿಸಿನೀರಲ್ಲಿ ಕೂರೋ ಸ್ನಾನದ ತೊಟ್ಟಿ. ಉಳಿಯೋಕೆ ಬರ್ತಾರಲ್ಲ, ಅವರಿಗೆ."

"ಎಷ್ಟು ಕೊಡ ಹಿಡಿತೈತೆ?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಪಾತ್ರೆ ಕಂಡರೆ ನಮ್ಮ ಸೀಮೆಯವರು ಮೊದಲು ಕೇಳುವ ಮಾತು ಅದೇ. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಲೀಟರಿನ ಲೆಕ್ಕ ಬಾಯಿಪಾಠವಾಗಿತ್ತು, ಕೊಡದ ಲೆಕ್ಕ ಹಾಕಿಯೇ ಇರಲಿಲ್ಲ. ರಾತ್ರಿ ಮಲಗಿದ ಮೇಲೆ ಹಾಕಿದೆ. ಟಬ್ಬಿಗೆ 1,200 ಲೀಟರ್ ಬೇಕು. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ 80 ಕೊಡ. ಆ ಬೆಳಿಗ್ಗೆ ಮನೆಗೆ ಆರಾರು ಕೊಡ ಸಿಕ್ಕಿತ್ತು.

ನಮ್ಮದು ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ತೋಟದ ಮನೆ. ಮಾವನವರು ಕಟ್ಟಿಸಿದ್ದು. ಅವರು ಹೋದ ಮೇಲೆ ಮೂರು ಕೋಣೆ ಖಾಲಿ ಬಿದ್ದಿದ್ದವು. ಅಡಿಕೆ, ತೆಂಗು ಎರಡನ್ನೇ ನಂಬಿ ಕೂರುವ ಹಾಗಿರಲಿಲ್ಲ, ಹೋಂಸ್ಟೇ ಮಾಡಿದೆವು. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ಜನ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ನೋಡಿಕೊಂಡು ಒಂದು ರಾತ್ರಿ ಉಳಿದು, ಮರುದಿನ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಮುಂದೆ ಹೋಗುತ್ತಾರೆ. ಫೋನ್ ಮಾಡಿದವರ ಮೊದಲ ಪ್ರಶ್ನೆ ಊಟದ್ದಲ್ಲ, ಹಾಸಿಗೆಯದ್ದೂ ಅಲ್ಲ. "ಮೇಡಂ, ಪೂಲ್ ಇದೆಯಾ?" ಇಲ್ಲ ಎಂದರೆ ಆ ಕಡೆ ಫೋನ್ ಇಟ್ಟಂತೆಯೇ.

ಸಣ್ಣ ಈಜುಕೊಳವೆಂದರೂ ನಲವತ್ತು ಐವತ್ತು ಸಾವಿರ ಲೀಟರ್. ಮೂರು ಬೋರ್ ಕೊರೆಸಿ, ಎರಡರಲ್ಲಿ ಬರೀ ದೂಳು ಕಂಡು, ಮೂರನೆಯದರಲ್ಲಿ 720 ಅಡಿಗೆ ಎರಡಿಂಚು ನೀರು ಸಿಕ್ಕಾಗ ಅತ್ತೆ ಮಣ್ಣಿನ ಮೇಲೆಯೇ ಕೂತು ಅತ್ತಿದ್ದರು. ಅಂಥ ನೀರನ್ನು ಕೊಳಕ್ಕೆ ತುಂಬುವ ಮಾತನ್ನು ನಾವ್ಯಾರೂ ಎತ್ತಲಿಲ್ಲ. ಬೆಂಗಳೂರಿನಲ್ಲಿರುವ ಮಗ ಹೇಳಿದ: "ಅಮ್ಮಾ, ಹಾಟ್ ಟಬ್ ಹಾಕಿಸೋಣ. ನಾಲ್ಕು ಜನ ಕೂರಬಹುದು, ನೀರು ಕಡಿಮೆ. ನಮ್ಮ ಕಡೆ ಚಳಿಗಾಲದ ರಾತ್ರಿ ಹೆಂಗಿರುತ್ತೆ ನಿನಗೆ ಗೊತ್ತಲ್ಲ." ಗೊತ್ತಿತ್ತು. ಡಿಸೆಂಬರಿನಲ್ಲಿ ಇಲ್ಲಿ ಬೀಸುವ ಗಾಳಿಗೆ ಕಂಬಳಿ ಹೊದ್ದರೂ ಮೈ ನಡುಗುತ್ತದೆ. ಒಪ್ಪಿದೆ.

ಮೊದಲ ತಪ್ಪಿನಿಂದ ಉಳಿಸಿದವರು ಮೇಸ್ತ್ರಿ. ಟಬ್ಬನ್ನು ತಾರಸಿಯ ಮೇಲೆ ಇಡಬೇಕು, ಅಲ್ಲಿಂದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು ಕಾಣಬೇಕು ಎಂಬುದು ನನ್ನ ಆಸೆ. ಅವರು ಟೇಪ್ ಹಿಡಿದು ಅಳೆದು, ಬೀಡಿ ಹಚ್ಚಿ, ಸುಮ್ಮನೆ ತಲೆ ಅಲ್ಲಾಡಿಸಿದರು. ನೀರೇ 1,200 ಕಿಲೋ. ಟಬ್ಬು, ಅದರೊಳಗೆ ಕೂರುವ ನಾಲ್ಕು ಜನ ಸೇರಿದರೆ ಒಂದೂಮುಕ್ಕಾಲು ಟನ್ ದಾಟುತ್ತದೆ. ಸಾಮಾನ್ಯವಾಗಿ ಮನೆಯ ತಾರಸಿಗೆ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 150 ಕಿಲೋ ಆಸುಪಾಸು. ಟಬ್ಬು ಅದರ ಮೂರು ಪಟ್ಟಿಗೂ ಮೇಲೆ ಕೂರುತ್ತದೆ. "ನೆಲಕ್ಕಿಡ್ರಿ ತಾಯಿ, ದುರ್ಗದ ನೆಲ ಬಂಡೆ, ಅದು ಹೊರ್ತೈತೆ" ಎಂದರು. ಹಿತ್ತಲಲ್ಲಿ ಆರಿಂಚು ಕಾಂಕ್ರೀಟ್ ಹಾಕಿ ಇಟ್ಟೆವು. ವೈರಿಂಗಿಗೆ ಪ್ರತ್ಯೇಕ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಕಡಿದುಬಿಡುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್. ಒದ್ದೆ ಮೈಯವರು ಕೂರುವ ಜಾಗ. ಇಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನೋಡಬಾರದು. ಹೋಂಸ್ಟೇ ನಡೆಸುವ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಗಾಳಿಯ ವಿಷಯ ಯಾರೂ ಹೇಳಿರಲಿಲ್ಲ, ಕರೆಂಟ್ ಬಿಲ್ ಹೇಳಿತು. 25 ಡಿಗ್ರಿಯ ನೀರನ್ನು 38ಕ್ಕೆ ಏರಿಸಲು ಸುಮಾರು 18 ಯೂನಿಟ್ ಬೇಕು. 3 ಕಿಲೋವಾಟ್ ಹೀಟರಿಗೆ ಅದು ಆರು ತಾಸಿನ ಕೆಲಸ. ಇದು ನಮಗೆ ಗೊತ್ತಿದ್ದ ಲೆಕ್ಕ. ಬಿಸಿಯಾದ ನೀರಿನ ಮೇಲೆ ರಾತ್ರಿಯಿಡೀ ದುರ್ಗದ ಗಾಳಿ ಆಡಿದರೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಯೂನಿಟ್ಟಿನ ಮೂರರಲ್ಲಿ ಎರಡು ಭಾಗದಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಗುಡ್ಡದ ಮೇಲೆ ರೆಕ್ಕೆ ತಿರುಗಿಸಿ ಕರೆಂಟ್ ಕೊಡುವ ಗಾಳಿಯೇ ಕೆಳಗೆ ನಮ್ಮ ಹಿತ್ತಲಿಗೆ ಇಳಿದು ಅದನ್ನು ವಾಪಸ್ ಒಯ್ಯುತ್ತಿತ್ತು. ಪಡುವಣ ಮಗ್ಗುಲಿಗೆ ಎದೆಮಟ್ಟದ ಸೈಜುಗಲ್ಲಿನ ಗೋಡೆ ಎಬ್ಬಿಸಿದೆವು. ಅತಿಥಿಗಳು ಎದ್ದ ತಕ್ಷಣ ಮುಚ್ಚಳ ಹಾಕಲೇಬೇಕೆಂದು ಕಟ್ಟುನಿಟ್ಟು ಮಾಡಿದೆವು. ಮರು ತಿಂಗಳ ಬಿಲ್ ನೋಡಿ ನಿಟ್ಟುಸಿರು ಬಿಟ್ಟೆ.

ಅತ್ತೆಗೆ ಈ ತೊಟ್ಟಿ ಮೊದಲ ದಿನದಿಂದಲೂ ಒಗ್ಗಲಿಲ್ಲ. ಅವರಿಗೀಗ 78. ನೀರು ತುಂಬುವ ಹಬ್ಬದ ದಿನ ಇವತ್ತಿಗೂ ತಾವೇ ಕೂತು ಹಂಡೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಾರೆ. ಕೆಮ್ಮಣ್ಣು, ಸುಣ್ಣದ ಪಟ್ಟೆ ಬಳಿದು, ಬಳ್ಳಿ ಸುತ್ತಿ, ಗಂಗೆಯನ್ನು ಪೂಜೆ ಮಾಡಿ ತುಂಬಿಸುತ್ತಾರೆ. ಮಾರನೆಯ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಆ ಬಿಸಿನೀರು ಹುಯ್ದುಕೊಳ್ಳುವುದೇ ವರ್ಷದ ದೊಡ್ಡ ಸ್ನಾನ. ಹುಯ್ದ ನೀರು ಬಚ್ಚಲಿನಿಂದ ಬಾಳೆಯ ಬುಡಕ್ಕೆ ಹೋಗುತ್ತದೆ, ತಿರುಗಿ ಮೈಗೆ ಬರುವುದಿಲ್ಲ. "ನಿಂತ ನೀರಿನಾಗೆ ನಾಕು ಮಂದಿ ಕುಂತು ಎದ್ದು ಹೋಗ್ತಾರೆ. ನಾಳೆ ಮತ್ತೆ ನಾಕು ಮಂದಿ ಅದರಾಗೇ ಕುಂತ್ಕಂತಾರೆ. ಇದಕ್ಕೆ ಮಡಿ ಎಲ್ಲಿಂದ ಬರುತ್ತಮ್ಮ?" ಎಂದು ಕೇಳಿದರು. ಹಳೇ ಕಾಲದವರು, ಹೊಸದು ಒಗ್ಗದು ಎಂದುಕೊಂಡೆ. ಹಾಟ್ ಟಬ್ಬಿನ ನಿರ್ವಹಣೆಯೆಲ್ಲ ಆ ಒಂದೇ ಪ್ರಶ್ನೆಯಲ್ಲಿತ್ತು, ನಾನು ತಿಳಿಯಲು ಎಂಟು ತಿಂಗಳು ಬೇಕಾಯಿತು.

ಇದರ ಹುಟ್ಟಿನ ಕತೆ ನನಗೆ ಇಷ್ಟ. ಇಟಲಿಯಿಂದ ಅಮೆರಿಕಕ್ಕೆ ಹೋದ ಜಕೂಝಿ ಅಣ್ಣತಮ್ಮಂದಿರು ತೋಟಕ್ಕೆ ನೀರೆತ್ತುವ ಪಂಪು ಮಾಡುತ್ತಿದ್ದವರು. ಅವರಲ್ಲೊಬ್ಬ ಕ್ಯಾಂಡಿಡೊ. ಆತನ ಚಿಕ್ಕ ಮಗನಿಗೆ ಕೀಲುವಾತ. 1940ರ ದಶಕದ ಕೊನೆಗೆ, ಮಗುವಿನ ನೋವಿಗೆ ಮನೆಯಲ್ಲೇ ಜಲಚಿಕಿತ್ಸೆ ಸಿಗಲೆಂದು, ಸ್ನಾನದ ತೊಟ್ಟಿಯೊಳಗೆ ಮುಳುಗಿಸಿ ನೀರನ್ನು ಚಿಮ್ಮಿಸುವ ಪಂಪು ಮಾಡಿದ. ತೊಟ್ಟಿಗೇ ಪಂಪು ಕೂಡಿಸಿ ಮಾರಿದ್ದು ಆಮೇಲೆ, 1968ರಲ್ಲಿ, ಅದೇ ಮನೆತನದ ರಾಯ್ ಜಕೂಝಿ. ಬೋರ್‌ವೆಲ್ ಪಂಪಿನ ಸದ್ದು ಕೇಳುತ್ತಲೇ ಬದುಕುವ ನಮ್ಮಂಥವರಿಗೆ ಈ ತೊಟ್ಟಿ ತೀರಾ ಪರಕೀಯವೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೊದಲ ವಾರವೇ ನೀರು ಹಾಲಾಯಿತು. ಕ್ಲೋರಿನ್ ಹಾಕಬೇಕು ಎಂದು ಕೈಪಿಡಿ ಹೇಳಿತ್ತು. ಊರಿನ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರೂ ಕ್ಲೋರಿನ್ನೇ ತಾನೇ ಎಂದು ಎರಡು ಚಮಚ ಹಾಕಿ ನೀರು ಚಿಮ್ಮಿಸುವ ಜೆಟ್ ಚಾಲು ಮಾಡಿದೆ. ನೋಡನೋಡುತ್ತ ತಳ ಮಸುಕಾಗಿ, ಹತ್ತು ನಿಮಿಷದಲ್ಲಿ ಮೊಳಕೈ ಮುಳುಗಿಸಿದರೆ ಬೆರಳು ಕಾಣದಷ್ಟು ಬೆಳ್ಳಗಾಯಿತು. ಕೈ ತೆಗೆದರೆ ರೋಮಗಳ ಮೇಲೆ ಸುಣ್ಣದ ಹುಡಿ. ನಮ್ಮ ಬೋರಿನ ನೀರು ಗಡಸು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 700 ಮಿಲಿಗ್ರಾಂ ಬಂತು. ಟಬ್ಬಿಗೆ 150ರಿಂದ 250 ಇದ್ದರೆ ಚೆನ್ನ. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣದ ಅಂಶವೇ ಇರುತ್ತದೆ, ಮೇಲಾಗಿ ಅದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆಯನ್ನು ಏರಿಸುತ್ತದೆ. ನೀರು ಬಿಸಿಯಾದಷ್ಟೂ ಸುಣ್ಣ ಕರಗಿ ಉಳಿಯದೆ ಹೊರಗೆ ಬೀಳುತ್ತದೆ. ಮೂರೂ ಒಟ್ಟಿಗೆ ಸೇರಿದ್ದವು. ಹೀಟರ್ ಬಿಚ್ಚಿ ನೋಡಿದರೆ ಹಳೇ ಗೀಸರಿನ ಕಾಯಿಲ್ ಮೇಲೆ ಕೂರುತ್ತದಲ್ಲ, ಅಂಥ ಬಿಳಿ ಪೊರೆ ಆಗಲೇ ಕಟ್ಟತೊಡಗಿತ್ತು. ಆ ದಿನ 80 ಕೊಡ ನೀರನ್ನು ಚೆಲ್ಲಿದೆ. ಎಲ್ಲಿಗೂ ತಿರುಗಿಸುವ ವ್ಯವಸ್ಥೆ ಆಗ ಇರಲಿಲ್ಲ. ರಸ್ತೆಯವರೆಗೂ ಹರಿದು, ಓಣಿಯ ದೂಳಿನಲ್ಲಿ ಇಂಗಿಹೋಯಿತು. ಟ್ಯಾಂಕರ್ ನಿಂತಿದ್ದ ಜಾಗದಲ್ಲೇ. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ.

ಅಲ್ಲಿಂದ ಕಲಿಕೆ ಶುರುವಾಯಿತು. ಪಿಎಚ್ 7.2ರಿಂದ 7.8ರ ಒಳಗೆ, ಕ್ಲೋರಿನ್ 3ರಿಂದ 5 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ ಇರಬೇಕು. ಈಜುಕೊಳಕ್ಕಿಂತ ಇಲ್ಲಿ ಹೆಚ್ಚು ಬೇಕು, ಯಾಕೆಂದರೆ ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಸಾವಿರ ಚಿಲ್ಲರೆ ಲೀಟರಿನಲ್ಲಿ ನಾಲ್ಕು ಜನ ಕೂತರೆ ಅವರ ಬೆವರು, ಮೈಕೊಳೆಯೂ ಅದನ್ನು ಗಬಗಬನೆ ತಿನ್ನುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೊಬ್ಬರಿಎಣ್ಣೆ. ತಲೆಗೆ ಎಣ್ಣೆ ಹಚ್ಚಿಕೊಂಡವರು ಒಬ್ಬರು ಇಳಿದರೆ ಸಾಕು, ನೀರಿನ ಅಂಚಿಗೆ ಬೆರಳಗಲದ ಜಿಡ್ಡಿನ ಗೆರೆ ಕೂರುತ್ತದೆ, ಜೆಟ್ ಹಾಕಿದರೆ ನೊರೆ ಏಳುತ್ತದೆ. ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದರೆ ಸೀರೆಯ ನೆರಿಗೆಯಂಥ ಅದರ ಮಡಿಕೆಗಳ ನಡುವೆ ಕಂದು ಬಣ್ಣದ ಅಂಟು ಕಾಣುತ್ತದೆ. ಪೈಪಿನ ನೀರು ಹಿಡಿದು ಒಂದೊಂದೇ ಮಡಿಕೆ ಬಿಡಿಸಿ ತೊಳೆಯಬೇಕು, ಗಡಿಬಿಡಿ ಮಾಡಿದರೆ ಬಟ್ಟೆ ಹರಿಯುತ್ತದೆ. ಈಗ ಎರಡು ಫಿಲ್ಟರ್ ಇಟ್ಟುಕೊಂಡಿದ್ದೇನೆ. ಒಂದು ಟಬ್ಬಿನಲ್ಲಿದ್ದರೆ ಇನ್ನೊಂದು ಬಕೆಟ್ಟಿನಲ್ಲಿ ನೆನೆದು, ಒಣಗಿ ಸಿದ್ಧವಾಗಿರುತ್ತದೆ. ಟಬ್ಬಿಗೆ ಇಳಿಯುವ ಮುಂಚೆ ಬಚ್ಚಲಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಚೆನ್ನಾಗಿ ತೊಳೆದುಕೊಂಡು ಬನ್ನಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. "ಸ್ನಾನಕ್ಕೆ ಮುಂಚೆ ಸ್ನಾನವಾ?" ಎಂದು ನಗುತ್ತಾರೆ. ಕಲ್ಯಾಣಿಗೆ ಇಳಿಯುವ ಮುಂಚೆ ಕಾಲು ತೊಳೆದುಕೊಳ್ಳುವುದಿಲ್ಲವೇ ಎಂದರೆ ಒಪ್ಪುತ್ತಾರೆ.

ಇಷ್ಟೆಲ್ಲ ಕಲಿತೂ ಒಂದು ರಾತ್ರಿ ಎಡವಿದೆ.

ನವೆಂಬರಿನ ಒಂದು ಶನಿವಾರ. ಮಧ್ಯಾಹ್ನ ಹೋದ ಕರೆಂಟ್ ಬಂದಿದ್ದು ಸಂಜೆ ಏಳಕ್ಕೆ. ಪಂಪು ನಿಂತಿತ್ತು, ಮುಚ್ಚಳದ ಕೆಳಗೆ ನೀರು ಬೆಚ್ಚಗೆ ನಿಂತಿತ್ತು. ಹಿಂದಿನ ದಿನದ ಗುಂಪು ಬೆಳಿಗ್ಗೆಯಷ್ಟೇ ಹೋಗಿತ್ತು. ಹೊಸಬರು ಕೋಟೆ ಹತ್ತಿ ದಣಿದು ಬಂದು, ಟಬ್ ರೆಡಿ ಇದೆಯಾ ಎಂದರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ನೀರು ತಿಳಿಯಾಗಿತ್ತು, ಬಿಸಿಯಿತ್ತು. ಬಣ್ಣ ಬದಲಿಸಿ ಕ್ಲೋರಿನ್ ಎಷ್ಟಿದೆಯೆಂದು ತೋರಿಸುವ ಸ್ಟ್ರಿಪ್ ಅದ್ದಿ ನೋಡಲಿಲ್ಲ. ಇಳಿಯಿರಿ ಎಂದೆ.

ಮಂಗಳವಾರ ಫೋನ್ ಬಂತು. ಅವರ ಹದಿನಾಲ್ಕು ವರ್ಷದ ಮಗಳ ಹೊಟ್ಟೆ, ತೊಡೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು. ಸ್ನಾನದ ಬಟ್ಟೆ ಮೈಗೆ ಒತ್ತಿದ್ದ ಕಡೆಯೇ ಹೆಚ್ಚು. ಚರ್ಮದ ಡಾಕ್ಟರು ನೋಡಿ, ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದಿರಾ ಎಂದು ಕೇಳಿದರಂತೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಮದ ಬುಡಕ್ಕೆ ಇಳಿದು ಮಾಡುವ ಕೆಲಸ, ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಆ ತಾಯಿ ಬೈಯಲಿಲ್ಲ. "ಬೇರೆಯವರಿಗೆ ಆಗಬಾರದು ಅಂತ ಹೇಳ್ದೆ ಮೇಡಂ" ಎಂದರು. ಬೈದಿದ್ದರೇ ಹಗುರವಾಗುತ್ತಿತ್ತು. ಕೊಟ್ಟ ದುಡ್ಡು ವಾಪಸ್ ಮಾಡಿದೆ, ಹುಡುಗಿ ವಾಸಿಯಾಗುವ ತನಕ ದಿನಾ ಫೋನ್ ಮಾಡಿ ಕೇಳಿದೆ. ಟಬ್ಬಿನ ಹತ್ತಿರ ಹೋದರೆ ಅತ್ತೆಯ ಮಾತೇ ಕಿವಿಯಲ್ಲಿ: ಇದಕ್ಕೆ ಮಡಿ ಎಲ್ಲಿಂದ ಬರುತ್ತಮ್ಮ?

ಆಮೇಲೆ ರಾತ್ರಿಯೆಲ್ಲ ಕೂತು ಓದಿದೆ. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಹೂವಿನ ಮೇಳದಲ್ಲಿ ಇಂಥದೇ ತೊಟ್ಟಿಯೊಂದನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಅದರ ನೀರಿನಲ್ಲಿ ಬೆಳೆದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ತುಂತುರಿನ ಜತೆ ಗಾಳಿಗೆ ಸೇರಿ, ಪಕ್ಕದಲ್ಲಿ ನಡೆದುಹೋದವರ ಪುಪ್ಪುಸಕ್ಕೆ ಹೊಕ್ಕಿತು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅವರು ನೀರಿಗೆ ಕೈಕೂಡ ಇಟ್ಟವರಲ್ಲ, ಹೂ ನೋಡಲು ಬಂದವರು. ಓದಿ ಮುಗಿಸಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಟಬ್ಬು ಸುಮ್ಮನೆ ಕೂತಿತ್ತು. ಮೈಗೆ ಹಿತವಾದ ಬಿಸಿಯೇ ಈ ಬ್ಯಾಕ್ಟೀರಿಯಾಗಳಿಗೂ ಹಿತ. ಕ್ಲೋರಿನ್ ಇಳಿದರೆ, ನೀರು ನಿಂತರೆ, ಪೈಪಿನ ಒಳಗೆ ಲೋಳೆ ಕಟ್ಟಿದರೆ ಅವು ಮನೆ ಮಾಡುತ್ತವೆ. ತಿಳಿಯಾಗಿ ಕಾಣುವ ನೀರು ಶುದ್ಧವೆಂದು ಯಾರೂ ಭಾಷೆ ಕೊಟ್ಟಿಲ್ಲ.

ಅಂದಿನಿಂದ ಒಂದು ಉದ್ದ ನೋಟ್‌ಬುಕ್ ಇದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂಥದ್ದು. ಬೆಳಿಗ್ಗೆ, ಸಂಜೆ, ಜನ ಇಳಿಯುವ ಮುಂಚೆ ಸ್ಟ್ರಿಪ್ ಅದ್ದಿ ಬಣ್ಣ ನೋಡಿ ಬರೆಯುತ್ತೇನೆ. ಕರೆಂಟ್ ಹೋಗಿ ಬಂದರೆ ಪರೀಕ್ಷೆ ಆಗುವ ತನಕ ಮುಚ್ಚಳಕ್ಕೆ ಬೀಗ. ಒಂದು ಗುಂಪು ಹೋದ ಮೇಲೆ ಅದೇ ನೀರು ಇನ್ನೊಂದು ಗುಂಪಿಗಿಲ್ಲ. ಪೂರ್ತಿ ಖಾಲಿ ಮಾಡಿ, ಒಳಮೈ ಉಜ್ಜಿ, ಪೈಪಿನೊಳಗೆ ಔಷಧ ಓಡಿಸಿ, ಹೊಸದಾಗಿ ತುಂಬುತ್ತೇನೆ. ಮನೆಮಂದಿ ಮಾತ್ರ ಬಳಸುವ ತೊಟ್ಟಿಗೆ ಮೂರು ತಿಂಗಳಿಗೊಮ್ಮೆ ನೀರು ಬದಲಿಸಿದರೂ ನಡೆಯುತ್ತದೆ ಅನ್ನುತ್ತಾರೆ. ಅಪರಿಚಿತರಿಗೆ ಬಾಡಿಗೆಗೆ ಕೊಡುವವಳು ನಾನು. ನಿನ್ನೆ ಇಲ್ಲಿ ಯಾರು ಕೂತಿದ್ದರು ಎಂದು ಇವತ್ತು ಬಂದವರಿಗೆ ಗೊತ್ತಿರುವುದಿಲ್ಲ, ಕೇಳುವುದೂ ಇಲ್ಲ. ನನ್ನನ್ನು ನಂಬಿ ಇಳಿಯುತ್ತಾರೆ.

ಆದರೆ ಮಡಿಯ ಲೆಕ್ಕ ಸರಿಹೋದರೆ ಕೊಡದ ಲೆಕ್ಕ ತಪ್ಪುತ್ತಿತ್ತು. ತಿಂಗಳಿಗೆ ಆರು ಸಲ ತುಂಬಿದರೆ 480 ಕೊಡ. ಟಬ್ಬು ಮಾರಿಬಿಡೋಣ ಎಂದು ಮನೆಯವರು ಒಂದು ಸಲ ಹೇಳಿಯೂ ಹೇಳಿದರು.

ಆ ದಿನಗಳಲ್ಲೇ ಅತಿಥಿಗಳ ಜತೆ ಕೋಟೆಗೆ ಹೋಗಿದ್ದೆ. ಚಿಕ್ಕಂದಿನಿಂದ ನೂರು ಸಲ ಹತ್ತಿದ್ದೇನೆ. ಶಾಲೆಯ ಪ್ರವಾಸದಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತು, ಗಂಡನಿಗೆ ಕುಡಿಯಲು ನೀರು ತರಲು ಹೋದವಳು ಅವಳು ಎಂಬ ಕತೆ ಕೇಳಿದ್ದೇನೆ. ಆ ಸಲ ನನ್ನ ಕಣ್ಣು ಹೋಗಿದ್ದು ಬಂಡೆಯ ಮೇಲೆ ಮಳೆನೀರು ಇಳಿದು ಹೋಗುವ ದಾರಿಯ ಮೇಲೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ. ಪಾಳೆಯಗಾರರ ಕಾಲದ ಏಳುಸುತ್ತಿನ ಕೋಟೆ ಮುತ್ತಿಗೆಗಳನ್ನು ತಡೆದು ನಿಂತಿದ್ದರಲ್ಲಿ ಕಲ್ಲಿನ ಪಾಲು ಎಷ್ಟೋ, ಹೀಗೆ ಹಿಡಿದಿಟ್ಟ ಮಳೆಯ ಪಾಲೂ ಅಷ್ಟೇ. ಬಂಡೆಯ ಮೇಲೆ ಬಿದ್ದ ನೀರನ್ನು ಅವರು ಬಂಡೆಯ ಮೇಲೇ ಬಿಟ್ಟುಬಿಡಲಿಲ್ಲ. ನಮ್ಮ ಮನೆಯ ಮಾಡಿನ ನೀರು ಮಾತ್ರ ಅಷ್ಟು ವರ್ಷ ಹಿತ್ತಲ ಮಣ್ಣು ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತಿತ್ತು.

ಮನೆಗೆ ಬಂದು ಅಳತೆ ಮಾಡಿದೆ. ಮಾಡು 140 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದು, ಸೋರಿ ಹೋಗುವುದನ್ನು ಕಳೆದರೂ 65,000 ಲೀಟರಿಗೆ ಮೇಲೆ. ಆ ಬೇಸಿಗೆಯಲ್ಲಿ ನೆಲದೊಳಗೆ 40,000 ಲೀಟರಿನ ಸಂಪು ಕಟ್ಟಿಸಿದೆವು, ಟಬ್ಬಿನಷ್ಟೇ ಖರ್ಚಾಯಿತು. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಒಂದು ವಾಲ್ವ್, ಜಲ್ಲಿ, ಮರಳು, ಇದ್ದಿಲಿನ ಒಂದು ಸೋಸುತೊಟ್ಟಿ. ಗಡಸುತನದ ತೊಂದರೆಯೂ ಇದರಿಂದಲೇ ಬಗೆಹರಿಯಿತು. ಮಳೆನೀರು ಮೆತ್ತಗಿನ ನೀರು. ಅದೊಂದನ್ನೇ ತುಂಬಿದರೆ ನೊರೆ ಹೆಚ್ಚು, ಲೋಹದ ಭಾಗಗಳನ್ನೂ ತಿನ್ನುತ್ತದೆ. ಮೂರು ಪಾಲು ಮಳೆನೀರಿಗೆ ಒಂದು ಪಾಲು ಬೋರಿನ ನೀರು ಬೆರೆಸಿದರೆ ಗಡಸುತನ 190ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸಾರಿಗೆ ಉಪ್ಪು ಹದ ಮಾಡಿದ ಹಾಗೆ. ಸುಣ್ಣ ಕಟ್ಟುವುದು ನಿಂತಿತು.

ಹೊರಗೆ ಬಿಡುವ ನೀರನ್ನು ಈಗ ಓಣಿಗೆ ಬಿಡುವುದಿಲ್ಲ. ಕ್ಲೋರಿನ್ ಇದ್ದ ನೀರು ಗಿಡಕ್ಕೆ ಒಳ್ಳೆಯದಲ್ಲ, ಹಾಗಾಗಿ ಒಂದು ದಿನ ಮುಚ್ಚಳ ತೆಗೆದು ಬಿಸಿಲಿಗೆ ಬಿಡುತ್ತೇನೆ. ಅವಸರವಿದ್ದರೆ ಮೀನಿನ ತೊಟ್ಟಿಗೆ ಹಾಕುವ ಹೈಪೋ ಹರಳು ಒಂದಿಷ್ಟು. ಸ್ಟ್ರಿಪ್ಪಿನಲ್ಲಿ ಸೊನ್ನೆ ಬಂದ ಮೇಲೆ ವಾಲ್ವ್ ತಿರುಗಿಸಿದರೆ ನೀರು ತೆಂಗಿನ ಪಾತಿಗೆ ಹೋಗುತ್ತದೆ. ಅಡಿಕೆಗೆ ಕೊಡುವುದಿಲ್ಲ, ಅದು ನಾಜೂಕಿನ ಮರ. ತೆಂಗು ಹಾಗಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಹಿಂದಿನಿಂದಲೂ ಇದೆ, ನೀರಿನಲ್ಲಿ ಉಳಿಯುವ ಒಂದಿಷ್ಟು ಉಪ್ಪಿನಂಶ ಅದಕ್ಕೆ ಬಾಧಿಸದು. ಬುಡಕ್ಕೆ ನೀರು ಮುಟ್ಟುವುದನ್ನು ನಿಂತು ನೋಡಿದ ದಿನ ಅತ್ತೆ ಏನೂ ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಸಲಿಕೆ ತಗೊಂಡು ಪಾತಿಯ ಏರಿ ಸರಿಮಾಡಿದರು.

ಅವರನ್ನು ಟಬ್ಬಿನ ಹತ್ತಿರ ಕರೆತಂದದ್ದು ನಾನಲ್ಲ. ಈ ಸಲದ ಜನವರಿಯಲ್ಲಿ ದಾವಣಗೆರೆಯಿಂದ ಒಂದು ಕುಟುಂಬ ಬಂದಿತ್ತು. ಅದರಲ್ಲೊಬ್ಬ ಅಜ್ಜಿ, ಅತ್ತೆಯ ವಯಸ್ಸಿನವರೇ. ಮಂಡಿನೋವು, ಮೆಟ್ಟಿಲು ಹತ್ತಲಾರರು. ಬಿಪಿ, ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬಾರದು ಎಂದು ಬೋರ್ಡ್ ಹಾಕಿದ್ದೇನೆ. ತೀರ ಚಿಕ್ಕ ಮಕ್ಕಳಿಗೂ ಇಲ್ಲ, ಕುಡಿದವರಿಗಂತೂ ಇಲ್ಲವೇ ಇಲ್ಲ. 40 ಡಿಗ್ರಿ ದಾಟಲು ಬಿಡುವುದಿಲ್ಲ. ಅವರ ಮಗಳು ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು, ನಾನು 37ಕ್ಕೆ ಇಳಿಸಿದೆ. ಇಬ್ಬರು ಕೈಹಿಡಿದು ಇಳಿಸಿದೆವು. ನೀರು ಎದೆಮಟ್ಟಕ್ಕೆ ಬರುತ್ತಿದ್ದಂತೆ ಅಜ್ಜಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ನೀರಿನೊಳಗೆ ಬಲಗಾಲನ್ನು ಮೆಲ್ಲಗೆ ಮಡಚಿ ನೋಡಿದರು. ಬಿಡಿಸಿದರು. ಮತ್ತೆ ಮಡಚಿದರು. ಕಲ್ಲುಗೋಡೆಯ ಆಚೆ ನಿಂತು ನೋಡುತ್ತಿದ್ದ ಅತ್ತೆ ಹತ್ತಿರ ಬಂದು, "ಹೆಂಗೈತಕ್ಕ?" ಎಂದು ಕೇಳಿದರು. "ಭಾರನೇ ಇಲ್ಲ ಕಣವ್ವಾ" ಎಂದರು ಅಜ್ಜಿ. ಹತ್ತು ನಿಮಿಷಕ್ಕೆ ಎಬ್ಬಿಸಿ ಟವೆಲ್ ಸುತ್ತಿದೆವು. ಮಾರನೆಯ ದಿನ ಅವರೆಲ್ಲ ಹೋದ ಮೇಲೆ ಅತ್ತೆ ಬಂದು, "ನೀರು ಬದ್ಲಾಯಿಸಿದ ಮ್ಯಾಲೆ ಹೇಳು" ಎಂದಷ್ಟೇ ಹೇಳಿ ಒಳಗೆ ಹೋದರು.

2022ರ ಸೆಪ್ಟೆಂಬರಿನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಅತ್ತೆಯನ್ನು ಕರೆದುಕೊಂಡು ಮಾರಿಕಣಿವೆಗೆ ಹೋಗಿದ್ದೆವು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಒಮ್ಮೆ ತುಂಬಿದ್ದು ಬಿಟ್ಟರೆ ಮತ್ತೆ ತುಂಬಿದ್ದು ಆಗಲೇ, 89 ವರ್ಷಕ್ಕೆ. ಹೆಂಗಸರು ಬಾಗಿನ ತಂದಿದ್ದರು. ಮಕ್ಕಳು, ಮುದುಕರು ಸುಮ್ಮನೆ ನಿಂತು ನೀರು ಹರಿಯುವುದನ್ನು ನೋಡುತ್ತಿದ್ದರು. ಹಾಗೆ ನೀರು ನೋಡಲೆಂದೇ ಗಾಡಿ ಕಟ್ಟಿಕೊಂಡು ಹೋಗುವ ಜಿಲ್ಲೆಯಲ್ಲಿ ನಾನು ಈ ತೊಟ್ಟಿ ಇಟ್ಟಿದ್ದೇನೆ. ಅದಕ್ಕೇ ಮಾರ್ಚ್ ಕೊನೆಗೆ ಸಂಪು ಕಾಲು ಭಾಗಕ್ಕೆ ಇಳಿದರೆ ಟಬ್ಬಿಗೆ ಬೀಗ, ಒಳ್ಳೆಯ ಮಳೆ ಬೀಳುವ ತನಕ. ಬೇಸಿಗೆ ರಜೆಯ ಬುಕಿಂಗ್ ಕೈತಪ್ಪುತ್ತದೆ, ತಪ್ಪಲಿ. ಆ ಎರಡು ತಿಂಗಳು ಸಂಪಿನ ಉಳಿದ ನೀರಿಗೆ ಓಣಿಯ ಕಡೆ ಒಂದು ನಲ್ಲಿ ಬಿಟ್ಟಿದ್ದೇವೆ. ಕುಡಿಯಲು ಅಲ್ಲ, ಬಟ್ಟೆ, ಪಾತ್ರೆ, ದನಕ್ಕೆ.

ಮೊನ್ನೆ ರಾತ್ರಿ ಈ ವರ್ಷದ ಮೊದಲ ಜೋರು ಮಳೆ ಬಂತು. ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಮೊದಲ ನೀರನ್ನು ಹೊರಗೆ ಬಿಟ್ಟು, ವಾಲ್ವ್ ತಿರುಗಿಸಿ, ಸಂಪಿನ ಬಾಯಿಗೆ ಕಿವಿ ಇಟ್ಟು ಕೂತೆ. ನೀರು ಬೀಳುವ ಸದ್ದು ನಿಲ್ಲುವ ತನಕ ಏಳಲಿಲ್ಲ. ಬೆಳಿಗ್ಗೆ ಕೋಲು ಇಳಿಸಿದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಏರಿತ್ತು. ಓಣಿಯಲ್ಲಿ ಕೆಲಸಕ್ಕೆ ಹೊರಟಿದ್ದ ಅವಳು ಬೇಲಿಯ ಆಚೆ ನಿಂತು ಕೂಗಿದಳು:

"ಎಷ್ಟು ಕೊಡ ಬಂತಕ್ಕಾ?"

"ಇನ್ನೂರು" ಎಂದೆ.